ಆದಿವಾಲದ ಕರಿಯಮ್ಮನ ಎಡಗಣ್ಣು

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಚಿತ್ರದುರ್ಗದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗಕ್ಕೆ ನಾನೇ ಮುಖ್ಯಸ್ಥೆ. ವಿಭಾಗದಲ್ಲಿ ಬೇರೆ ಕಣ್ಣಿನ ವೈದ್ಯರೇ ಇಲ್ಲದ್ದರಿಂದ ಆ ಮುಖ್ಯಸ್ಥೆಯ ಮಾತು ಕೇಳಬೇಕಾದವಳೂ ನಾನೇ. ವಾರದಲ್ಲಿ ನಾಲ್ಕು ದಿನ ದುರ್ಗದಲ್ಲಿ ಕೆಲಸ, ಬುಧವಾರ ಹೊಸದುರ್ಗ, ಶನಿವಾರ ಹೊಳಲ್ಕೆರೆ. ಆ ಎರಡು ಊರುಗಳಲ್ಲಿ ನಮ್ಮ ಆಸ್ಪತ್ರೆ ಬಾಡಿಗೆ ಕೋಣೆಗಳಲ್ಲಿ ದೃಷ್ಟಿ ಕೇಂದ್ರ ನಡೆಸುತ್ತಿತ್ತು. ಕನ್ನಡಕದ ನಂಬರು ನೋಡುವುದು, ಕಣ್ಣಿನ ಒತ್ತಡ ಅಳೆಯುವುದು, ಪೊರೆ ಬಂದವರನ್ನು ಗುರುತಿಸಿ ದುರ್ಗಕ್ಕೆ ಕಳಿಸುವುದು, ಇಷ್ಟು ಅಲ್ಲಿ ಆಗುತ್ತಿತ್ತು. ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಲೆಕ್ಕವಿಲ್ಲದಷ್ಟು ಮಾಡಿದ್ದೇನೆ, ಆ ರೋಗಿಗಳಲ್ಲಿ ಹೆಚ್ಚಿನವರ ಮುಖ ಈಗ ನೆನಪಿಲ್ಲ. ನೆನಪಿರುವುದು ನನ್ನನ್ನು ಅರ್ಧ ವರ್ಷ ಗೋಳುಹೊಯ್ದುಕೊಂಡ ಒಂದು ಎಡಗಣ್ಣು.

ಆ ಕಣ್ಣಿನ ಒಡತಿ ಕರಿಯಮ್ಮ. ಹಿರಿಯೂರು ತಾಲೂಕಿನ ಆದಿವಾಲದ ಕಡೆಯವಳು, ಐವತ್ತರ ಹತ್ತಿರದ ವಯಸ್ಸು, ಕುರಿ ಸಾಕುವ ಮನೆತನ. ಶ್ರಾವಣ ಮುಗಿಯುವ ಹೊತ್ತಿಗೆ ಗಂಡ ಚಿಕ್ಕಣ್ಣನ ಜೊತೆ ಬಂದಳು. ಬಲಗಣ್ಣು ಎರಡು ವರ್ಷದ ಹಿಂದೆಯೇ ಕೆಂಪಾಗಿ, ನೋವು ಬಂದು, ಯಾರಿಗೂ ತೋರಿಸದೆ ಕುಗ್ಗಿಹೋಗಿತ್ತು. ಅದರಲ್ಲಿ ಬೆಳಕು ಕತ್ತಲೆಯ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ. ಈಗ ಎಡಗಣ್ಣಿನ ಸರದಿ.

ಏನು ತೊಂದರೆ ಎಂದು ಕೇಳಿದೆ.

"ಸುತ್ತ ಎಲ್ಲ ಕಾಣ್ತೈತೆ ಡಾಕ್ಟ್ರಮ್ಮ. ಬೇಲಿ ಕಾಣ್ತೈತೆ, ರೊಪ್ಪ ಕಾಣ್ತೈತೆ. ನೆಟ್ಟಗೆ ನೋಡಿದ್ದೇ ಕಾಣಲ್ಲ. ಮರಿ ಮುಖ ಗೊತ್ತಾಗ್ತಿಲ್ಲ."

ಮರಿ ಮುಖ ಗೊತ್ತಾಗದಿದ್ದರೆ ಏನಾಯಿತು ಎಂದು ನಾನು ಕೇಳಲಿಲ್ಲ, ಆದರೆ ನನ್ನ ಮುಖ ಕೇಳಿರಬೇಕು. ಚಿಕ್ಕಣ್ಣನೇ ವಿವರಿಸಿದ. ಬೆಳಗ್ಗೆ ಗಂಡಸರು ದೊಡ್ಡ ಕುರಿಗಳನ್ನು ಮೇಯಿಸಲು ಹೊಡೆದುಕೊಂಡು ಹೋಗುತ್ತಾರೆ, ಹಾಲು ಕುಡಿಯುವ ಮರಿಗಳು ರೊಪ್ಪದಲ್ಲೇ ಉಳಿಯುತ್ತವೆ. ರೊಪ್ಪ ಎಂದರೆ ಮುಳ್ಳಿನ ಬೇಲಿ ಹಾಕಿದ ಕುರಿದೊಡ್ಡಿ. ಸಂಜೆ ಮಂದೆ ಬಂದಾಗ ಒಂದೇ ಸಲಕ್ಕೆ ನೂರಾರು ಗಂಟಲು ಅರಚುತ್ತವೆ. ಬಲಿತ ಮರಿ ತಾಯಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಎಳೆಯ ಮರಿ ಹುಡುಕಲಾರದು. ಚೊಚ್ಚಲ ಕುರಿ ಕೆಲವೊಮ್ಮೆ ತನ್ನದನ್ನೇ ಒಲ್ಲೆ ಎನ್ನುತ್ತದೆ, ಬೇರೆ ಕುರಿಯ ಮರಿ ಬಂದರಂತೂ ಒದೆಯುತ್ತದೆ. ಯಾವ ಮರಿ ಯಾವ ತಾಯಿಯದು ಎಂದು ಗುರುತು ಹಿಡಿದು, ಮೊಲೆಗೆ ಹಚ್ಚಿ, ಹೊಟ್ಟೆ ತುಂಬುವ ತನಕ ತಾಯಿಯನ್ನು ಹಿಡಿದು ನಿಲ್ಲುವವಳು ಕರಿಯಮ್ಮ. ಮದುವೆಯಾಗಿ ಬಂದ ವರ್ಷದಿಂದ ಆ ಕೆಲಸ ಅವಳದು.

"ಹೋದ ತಿಂಗ್ಳು ಎರಡು ಮರಿ ಹಾಲಿಲ್ದೆ ಸತ್ವು" ಎಂದಳು ಕರಿಯಮ್ಮ. "ಸೊಸೆ ಅಂತಾಳೆ, ನೀನು ಕುಂತ್ಕ ಅತ್ತೆ, ನಾನು ನೋಡ್ಕತೀನಿ ಅಂತ. ಕುಂತ್ಕಂಡು ಏನು ಮಾಡ್ಲಿ?"

ಪರೀಕ್ಷೆ ಮಾಡಿದೆ. ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ. ಹೊರಗಿನ ಕ್ರಿಮಿ ಬಂದು ಆಗುವ ಸಾಮಾನ್ಯ ಕಣ್ಣುಬೇನೆಯಲ್ಲ ಇದು. ದೇಹದ ರಕ್ಷಣಾ ವ್ಯವಸ್ಥೆಯೇ ಯಾವುದೋ ಕಾರಣಕ್ಕೆ ತನ್ನ ಕಣ್ಣಿನ ಮೇಲೆ ತಿರುಗಿಬಿದ್ದಿರುತ್ತದೆ. ಕಣ್ಣಿನ ಹಿಂಬದಿಯ ಗೋಡೆಗೆ ರೆಟಿನಾ ಎಂಬ ತೆಳುವಾದ ಪದರವಿದೆ. ಅದರ ನಟ್ಟನಡುವಿನ ಸಣ್ಣ ಜಾಗದ ಹೆಸರು ಮ್ಯಾಕ್ಯುಲಾ. ನಾವು ನೆಟ್ಟಗೆ ನೋಡುವುದು, ಓದುವುದು, ಮುಖ ಗುರುತಿಸುವುದು ಎಲ್ಲ ಆ ಜಾಗದಿಂದ. ಉರಿಯೂತ ಬಹಳ ದಿನ ಉಳಿದರೆ ಸೂಕ್ಷ್ಮ ರಕ್ತನಾಳಗಳಿಂದ ನೀರು ಸೋರಿ ಅಲ್ಲಿ ಊತ ಬರುತ್ತದೆ. ನಮ್ಮಲ್ಲಿ ಆಗಷ್ಟೇ ಬಂದಿದ್ದ ಓಸಿಟಿ ಎಂಬ ರೆಟಿನಾದ ದಪ್ಪ ತೋರಿಸುವ ಯಂತ್ರದಲ್ಲಿ ಅಳೆದಾಗ ಸುಮಾರು 250 ಮೈಕ್ರಾನ್ ಇರಬೇಕಾದ ದಪ್ಪ 520 ಇತ್ತು. ದೃಷ್ಟಿ 6/60. ಒಳ್ಳೆಯ ಕಣ್ಣು ಅರವತ್ತು ಮೀಟರ್ ದೂರದಿಂದ ಓದುವ ಅಕ್ಷರ ಅವಳಿಗೆ ಆರು ಮೀಟರ್‌ನಲ್ಲಿ ಮಾತ್ರ ಕಾಣುತ್ತಿತ್ತು.

ಕ್ಷಯ, ಸಿಫಿಲಿಸ್, ಕುರಿಗಳಿಂದ ಬರುವ ಬ್ರುಸೆಲ್ಲಾ ಸೋಂಕು ಎಲ್ಲವನ್ನೂ ಪರೀಕ್ಷಿಸಿದೆವು. ಯಾವುದೂ ಇಲ್ಲ. ಇಂಥ ಪ್ರಕರಣಗಳಲ್ಲಿ ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ, ರೋಗಿಗೆ ಹಾಗೆ ಹೇಳುವುದು ವೈದ್ಯರಿಗೆ ಕಸಿವಿಸಿಯ ಕೆಲಸ. ಉರಿಯೂತಕ್ಕೆ ಮದ್ದು ಸ್ಟೀರಾಯ್ಡ್. ಮಾತ್ರೆ ಕೊಡಬಹುದಿತ್ತು, ಆದರೆ ಕರಿಯಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು, ಮಾತ್ರೆ ಅದನ್ನು ಕೆರಳಿಸುತ್ತದೆ. ಆದ್ದರಿಂದ ಟ್ರೈಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡನ್ನು ಕಣ್ಣಿನ ಗುಡ್ಡೆಯ ಹೊರಗೆ, ಹಿಂಬದಿಗೆ ಹೋಗುವಂತೆ ಚುಚ್ಚುವುದು ಎಂದು ತೀರ್ಮಾನಿಸಿದೆ. ಅದು ಅಲ್ಲೇ ಕುಳಿತು ಎರಡು ಮೂರು ತಿಂಗಳು ನಿಧಾನವಾಗಿ ಕೆಲಸ ಮಾಡುತ್ತದೆ. ಕಣ್ಣಿನ ಮುಂಭಾಗದ ಉರಿಯೂತ ಹಿಡಿತದಲ್ಲಿರಲು ಸ್ಟೀರಾಯ್ಡ್ ಹನಿಯನ್ನೂ ದಿನಕ್ಕೆ ಆರು ಸಲ ಹಾಕಬೇಕು, ವಾರ ವಾರಕ್ಕೆ ಇಳಿಸುತ್ತ ಬರಬೇಕು. ಮತ್ತು ತಿಂಗಳಿಗೆ ಬಂದು ಕಣ್ಣಿನ ಒತ್ತಡ ತೋರಿಸಬೇಕು. ಸ್ಟೀರಾಯ್ಡ್ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರಿಸುತ್ತದೆ. ನೋವಿರುವುದಿಲ್ಲ, ಮಸುಕಿರುವುದಿಲ್ಲ, ಆದರೆ ಒಳಗೊಳಗೇ ಕಣ್ಣಿನ ನರ ಸಾಯುತ್ತದೆ.

ಇದನ್ನೆಲ್ಲ ನಾನೂ ಹೇಳಿದೆ, ನನಗಿಂತ ಹಿರಿಯರಾದ ನಮ್ಮ ಸಿಸ್ಟರ್ ರೇಣುಕಾ ಅವರೂ ಹೇಳಿದರು. ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು. ಚುಚ್ಚುಮದ್ದು ಕೊಟ್ಟೆ. ಎರಡು ವಾರದ ನಂತರ ಬಂದಾಗ ದೃಷ್ಟಿ 6/12ಕ್ಕೆ ಏರಿತ್ತು. ಕರಿಯಮ್ಮ ನನ್ನ ಮುಖವನ್ನೇ ನೆಟ್ಟಗೆ ನೋಡಿ, "ನೀವು ಇಷ್ಟು ಸಣ್ಣೋರಾ? ನಾನು ವಯಸ್ಸಾದೋರು ಅಂದ್ಕಂಡಿದ್ದೆ" ಎಂದಳು. ಅಂದು ನನಗೂ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಆಮೇಲೆ ಆಸಾಮಿ ನಾಪತ್ತೆ.

ತಿಂಗಳಾಯಿತು, ಬರಲಿಲ್ಲ. ಎರಡಾಯಿತು, ಇಲ್ಲ. ಅವರು ಕೊಟ್ಟ ಮೊಬೈಲ್ ನಂಬರಿಗೆ ರೇಣುಕಾ ಎಷ್ಟು ಸಲ ಫೋನ್ ಮಾಡಿದರೂ ಸ್ವಿಚ್ ಆಫ್. ಗುಣವಾಗದ ರೋಗಿ ದಿನವೂ ಬಾಗಿಲು ಬಡಿಯುತ್ತಾನೆ, ಗುಣವಾದವನು ಈ ಕಡೆ ತಲೆ ಹಾಕುವುದಿಲ್ಲ. ಕಣ್ಣಿನ ವೈದ್ಯರ ಕರ್ಮ ಇದು. ದೀಪಾವಳಿ ಕಳೆದ ಮೇಲೆ ಒಂದು ದಿನ ಹೊರರೋಗಿಗಳ ಸಾಲಿನಲ್ಲಿ ಕರಿಯಮ್ಮ ಕಂಡಳು. ಚಿಕ್ಕಣ್ಣ ಅವಳ ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದ. ನೋಡಿದ ಕೂಡಲೇ ತಿಳಿಯಿತು, ಊತ ಮರಳಿದೆ.

ದೃಷ್ಟಿ ಮತ್ತೆ 6/60, ದಪ್ಪ ಮತ್ತೆ 520. ದೇವರ ದಯೆಯಿಂದ ಒತ್ತಡ ಸರಿಯಿತ್ತು. ಕಣ್ಣಿನ ಮುಂಭಾಗದಲ್ಲಿ ಉರಿಯೂತದ ಕಣಗಳು ಕಿಕ್ಕಿರಿದಿದ್ದವು, ಹನಿ ಬಿದ್ದ ಕಣ್ಣಿನ ಹಾಗೇ ಇರಲಿಲ್ಲ.

"ಹನಿ ಹಾಕ್ಲಿಲ್ವಾ ಕರಿಯಮ್ಮ?"

"ಬಾಟ್ಲಿ ಮುಗ್ದೈತೆ ನೋಡ್ರಿ" ಎಂದು ಸೆರಗಿನ ಗಂಟು ಬಿಚ್ಚಿ ಖಾಲಿ ಬಾಟಲಿ ತೋರಿಸಿದಳು. ಹೊರಗೆ ಬರೆದುಕೊಟ್ಟಿದ್ದ ಎರಡನೆಯದನ್ನೂ ಕೊಂಡು ಮುಗಿಸಿದ್ದಳು. ಎರಡೂ ಸ್ವಚ್ಛ ಖಾಲಿ.

ನನಗೆ ತಲೆ ಕೆಟ್ಟಿತು. ಇಷ್ಟು ಹನಿ ಹಾಕಿಯೂ ಉರಿಯೂತ ಹೀಗೆ ಕೆರಳಿದೆಯೆಂದರೆ ರೋಗ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿ. ಕ್ಷಯದ ಪರೀಕ್ಷೆ ಮತ್ತೆ ಮಾಡಿಸಿದೆ. ಬೆಂಗಳೂರಿನಲ್ಲಿದ್ದ ನನ್ನ ಸಹಪಾಠಿಗೆ ಚಿತ್ರಗಳನ್ನು ಕಳಿಸಿ ಕೇಳಿದೆ. ಅವಳಿಗೂ ಹೊಸದೇನೂ ಹೊಳೆಯಲಿಲ್ಲ. ತಿಂಗಳಿಗೆ ಯಾಕೆ ಬರಲಿಲ್ಲ ಎಂದು ಚಿಕ್ಕಣ್ಣನನ್ನು ಚೆನ್ನಾಗಿ ಬೈದೆ. ಅವನು ನೆಲ ನೋಡುತ್ತ, "ಮರಿ ಹಾಕೋ ಕಾಲ ಮೇಡಂ, ಬರಕ್ಕಾಗ್ಲಿಲ್ಲ" ಎಂದ. ಮರಿ ಹಾಕುವ ಕಾಲ ಎಂದರೆ ಕರಿಯಮ್ಮ ರೊಪ್ಪ ಬಿಟ್ಟು ಕದಲುವಂತಿಲ್ಲ. ಯಾವ ಕೆಲಸ ಉಳಿಯಲೆಂದು ಕಣ್ಣು ಉಳಿಸಬೇಕೋ ಅದೇ ಕೆಲಸ ಕಣ್ಣಿಗೆ ಅಡ್ಡ ಬರುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಇಬ್ಬರ ಮೇಲೂ ಮಾಡಿದೆ.

ಎರಡನೇ ಚುಚ್ಚುಮದ್ದು ಅದೇ ಜಾಗಕ್ಕೆ. ಮತ್ತೆ ಹನಿ, ಈ ಸಲ ಇನ್ನೂ ಹೆಚ್ಚು ಸಲ ಹಾಕಬೇಕೆಂದು ತಾಕೀತು. ಖಾಲಿ ಬಾಟಲಿಗಳನ್ನು ಮರೆಯದೆ ತಂದು ತೋರಿಸಬೇಕೆಂದೂ ಹೇಳಿದೆ. ಅದು ನನ್ನ ಬಹಳ ಕಾಲದ ಪದ್ಧತಿ. ಓದು ಬಾರದ ರೋಗಿಗಳು ದಿನಕ್ಕೆ ಎಷ್ಟು ಸಲ ಹಾಕಿದರು ಎಂದು ಹೇಳಲು ತಡಬಡಾಯಿಸುತ್ತಾರೆ, ಬಾಟಲಿ ನೋಡಿದರೆ ನನಗೆ ಅಂದಾಜು ಸಿಗುತ್ತಿತ್ತು.

ಈ ಸಲ ಕರಿಯಮ್ಮ ಹೇಳಿದ ದಿನಕ್ಕೇ ಬಂದಳು. ಮೂರು ಖಾಲಿ ಬಾಟಲಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಕಣ್ಣು ನೋಡಿದರೆ ಚೂರೂ ಸಮಾಧಾನವಿಲ್ಲ. ಊತ 520ರಿಂದ 460ಕ್ಕೆ ಇಳಿದಿತ್ತು, ಅಷ್ಟೇ. ಸಂಕ್ರಾಂತಿಯ ಹೊತ್ತಿಗೆ ಅದೂ ಹೋಗಿ ಮತ್ತೆ ಮೊದಲಿನ ಸ್ಥಿತಿ. ಮ್ಯಾಕ್ಯುಲಾ ಹೀಗೆ ತಿಂಗಳುಗಟ್ಟಲೆ ನೀರಿನಲ್ಲಿ ನೆನೆದರೆ ಮುಂದೆ ಊತ ಇಳಿದರೂ ದೃಷ್ಟಿ ಬರುವುದಿಲ್ಲ. ನಮಗೆ ಉಳಿದ ಕಾಲ ಕಡಿಮೆಯಿತ್ತು.

ಅಂದು ನಾನು ಮೂರನೇ ದಾರಿಯ ಮಾತೆತ್ತಿದೆ. ಸ್ಟೀರಾಯ್ಡನ್ನು ಈ ಸಲ ಕಣ್ಣಿನ ಹೊರಗಲ್ಲ, ಗುಡ್ಡೆಯ ಒಳಕ್ಕೇ ಚುಚ್ಚುವುದು. ಮದ್ದಿನ ಪ್ರಮಾಣ ಹತ್ತರಲ್ಲಿ ಒಂದು ಭಾಗ ಸಾಕು, ಪರಿಣಾಮ ಜೋರು. ಒತ್ತಡ ಏರುವ ಅಪಾಯವೂ ಅಷ್ಟೇ ಜೋರು. ಉಳಿದಿರುವುದು ಒಂದೇ ಕಣ್ಣಾದಾಗ ಯಾವ ವೈದ್ಯರೂ ಇದನ್ನು ಹಗುರವಾಗಿ ಹೇಳುವುದಿಲ್ಲ.

ಕರಿಯಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಬ್ಯಾಡ ಬಿಡ್ರಿ ಡಾಕ್ಟ್ರಮ್ಮ" ಎಂದಳು.

"ಯಾಕೆ?"

"ನಿಮ್ಮ ಔಷಧಿ ಹಾಕಿ ನಾಕು ಮರಿ ಕಣ್ಣು ಹೋದ್ವು."

ನನಗೆ ಅರ್ಥವಾಗಲಿಲ್ಲ. ರೇಣುಕಾ ಬರೆಯುತ್ತಿದ್ದುದನ್ನು ನಿಲ್ಲಿಸಿದರು. ಯಾವ ಔಷಧಿ, ಯಾವ ಮರಿ ಎಂದು ಒಂದೊಂದೇ ಕೇಳುತ್ತ ಹೋದಾಗ ಕಥೆ ಹೊರಬಿತ್ತು. ಮೊದಲ ಚುಚ್ಚುಮದ್ದಿನ ನಂತರ ಅವಳಿಗೆ ಚೆನ್ನಾಗಿ ಕಾಣತೊಡಗಿದ ದಿನಗಳಲ್ಲೇ ರೊಪ್ಪದ ಮರಿಗಳಿಗೆ ಕಣ್ಣುಬೇನೆ ಬಂತು. ಕಣ್ಣು ಕೆಂಪಾಗಿ, ನೀರು ಸುರಿದು, ಕರಿಗುಡ್ಡೆಯ ಮೇಲೆ ಬಿಳಿ ಮಚ್ಚೆ ಕೂರುವ ಬೇನೆ. ಕಣ್ಣು ಕಾಣದ ಮರಿ ತಾಯಿಯ ಮೊಲೆ ಹುಡುಕಲಾರದು. ಕರಿಯಮ್ಮನ ಸೆರಗಿನಲ್ಲಿ ದುರ್ಗದ ದೊಡ್ಡಾಸ್ಪತ್ರೆಯ ಕಣ್ಣಿನ ಹನಿ ಇತ್ತು.

"ನಂಗೆ ಸೂಜಿ ಹಾಕಿದ್ರಲ್ಲ, ಕಾಣ್ತಿತ್ತು. ಸೂಜಿ ನಂಗಾತು, ಹನಿ ಅವಕ್ಕಿರ್ಲಿ ಅಂತ ಹಾಕ್ದೆ. ದಿನಕ್ಕೆ ಆರು ಸಲ, ನೀವು ಹೇಳ್ದಂಗೇ."

ಮೊದಲು ಎರಡು ದಿನ ಮರಿಗಳ ಕಣ್ಣಿನ ಕೆಂಪು ಇಳಿಯಿತಂತೆ. ಸ್ಟೀರಾಯ್ಡ್ ಮಾಡುವುದೇ ಅದು, ಕೆಂಪನ್ನು ಅಳಿಸುತ್ತದೆ. ಆಮೇಲೆ ಬಿಳಿ ಮಚ್ಚೆ ಹರಡಿ, ಗುಳಿ ಬಿದ್ದು, ನಾಲ್ಕು ಮರಿಗಳ ಕಣ್ಣು ಒಡೆದವು. ಹನಿ ಹಾಕದ ಮರಿಗಳು ತಾವಾಗಿಯೇ ಸುಧಾರಿಸಿಕೊಂಡವು. ಇದನ್ನು ಕಣ್ಣಾರೆ ಕಂಡ ಕರಿಯಮ್ಮ, ಎರಡನೇ ಸಲ ನಾನು ಕೊಟ್ಟ ಮೂರು ಬಾಟಲಿಗಳನ್ನು ತನ್ನ ಕಣ್ಣಿಗೂ ಹಾಕಲಿಲ್ಲ, ಮರಿಗೂ ಹಾಕಲಿಲ್ಲ. ಬೇಲಿಯ ಬುಡಕ್ಕೆ ಸುರಿದಳು.

"ಸುರಿದ್ರಾ? ಮತ್ತೆ ಖಾಲಿ ಬಾಟ್ಲಿ ಯಾಕೆ ತಂದ್ರಿ?"

"ಖಾಲಿ ಇಲ್ದಿದ್ರೆ ನೀವು ಬೈತೀರಲ್ಲ."

ಬೈಯದೆ ಇನ್ನೇನು ಮಾಡಲಿ? ಅರ್ಧ ವರ್ಷದಿಂದ ಇಲ್ಲದ ಕಾರಣ ಹುಡುಕುತ್ತಿದ್ದೇನೆ. ಕ್ಷಯಕ್ಕೆಂದು ಎರಡು ಸಲ ಪರೀಕ್ಷೆ ಮಾಡಿಸಿದ್ದೇನೆ, ಬೆಂಗಳೂರಿನ ಗೆಳತಿಯ ತಲೆ ತಿಂದಿದ್ದೇನೆ. ಇಲ್ಲಿ ನೋಡಿದರೆ ಮದ್ದು ಕಣ್ಣಿಗೆ ಬಿದ್ದೇ ಇಲ್ಲ. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಹೋಗಲಿ ಇವಳ ಕಣ್ಣು, ನನಗೇನು ಎಂದು ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ರೇಣುಕಾ ಕರಿಯಮ್ಮನಿಗೆ ಒಂದು ಲೋಟ ನೀರು ಕೊಟ್ಟರು, ನನಗೂ ಒಂದು ಲೋಟ ತಂದಿಟ್ಟರು.

ತಿರುಗಿ ಬಂದು ಕೂತಾಗ ಒಂದು ಸಂಗತಿ ಹೊಳೆಯಿತು. ಅವಳು ಕಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಹನಿಯಿಂದಲೇ ಮರಿಗಳ ಕಣ್ಣು ಹೋಗಿದ್ದವು. ಕಣ್ಣಿನ ಮೇಲ್ಮೈಯಲ್ಲಿ ಕ್ರಿಮಿಯಿಂದ ಹುಣ್ಣಾದಾಗ ಸ್ಟೀರಾಯ್ಡ್ ಹಾಕಿದರೆ ಹುಣ್ಣು ಕೊರೆಯುತ್ತ ಹೋಗುತ್ತದೆ ಎಂಬುದು ಕಣ್ಣಿನ ವೈದ್ಯಕೀಯದ ಮೊದಲ ಪಾಠ. ಅದೇ ಮದ್ದು ಅವಳ ಕಣ್ಣು ಉಳಿಸುತ್ತದೆ ಎಂದರೆ ಅವಳು ಯಾಕೆ ನಂಬಬೇಕು? ರಕ್ಷಣಾ ವ್ಯವಸ್ಥೆ, ಉರಿಯೂತ ಎಂಬ ಮಾತುಗಳಿಂದ ಕೆಲಸವಾಗುವುದಿಲ್ಲ.

"ಕರಿಯಮ್ಮ, ನಿಮ್ಮ ಮಂದೆಗೆ ನಾಯಿ ಅದಾವಾ?"

"ಎರಡವೆ."

"ಕಾಯೋ ನಾಯಿಗೇ ಹುಚ್ಚು ಹಿಡಿದು ನಿಮ್ಮ ಕುರಿನೇ ಕಚ್ಚಕ್ಕೆ ಶುರು ಮಾಡಿದ್ರೆ ಏನು ಮಾಡ್ತೀರಿ?"

"ಕಟ್ಟಾಕ್ತೀವಿ."

"ನಿಮ್ಮ ಕಣ್ಣೊಳಗೆ ಆಗಿರೋದು ಅದೇ. ಕಾಯಬೇಕಾದದ್ದೇ ಕಚ್ಚುತ್ತಿದೆ. ಈ ಔಷಧಿ ನಾಯಿ ಕಟ್ಟೋ ಹಗ್ಗ. ಮರಿಗಳ ಕಣ್ಣಿಗೆ ಬಂದದ್ದು ಹೊರಗಿನ ಕ್ರಿಮಿ."

"ಅಂದ್ರೆ ತೋಳ ಬಂದಾಗ ನಾನು ನಾಯಿ ಕಟ್ಟಿದೆ" ಎಂದಳು. ನಾಲ್ಕು ಮರಿಗಳ ವಿಷಯದಲ್ಲಿ ಅವಳ ಕಣ್ಣಲ್ಲಿ ನೀರು ಬಂದದ್ದು ಆಗ. ತನ್ನ ಕಣ್ಣಿನ ಬಗ್ಗೆ ಅವಳು ಒಮ್ಮೆಯೂ ಅತ್ತದ್ದನ್ನು ನಾನು ನೋಡಿರಲಿಲ್ಲ.

ಒಪ್ಪಿಗೆಯಾಯಿತು. ಆದರೆ ನನ್ನ ಗೋಳು ಮುಗಿಯಲಿಲ್ಲ. ಕಣ್ಣೊಳಗೆ ಚುಚ್ಚಿದ ಮೇಲೆ ಮರುದಿನ ನೋಡಬೇಕು, ವಾರಕ್ಕೆ ನೋಡಬೇಕು, ತಿಂಗಳಿಗೆ ಒತ್ತಡ ಅಳೆಯಲೇಬೇಕು ಎಂದಾಗ ಚಿಕ್ಕಣ್ಣ ಕಂಬಳಿಯ ಅಂಚು ಎಳೆಯತೊಡಗಿದ. ಮುಂದಿನ ವಾರ ಮಂದೆ ಪಡುವಣಕ್ಕೆ ಹೊರಡುವುದಿತ್ತು. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ತರುಬಿದರೆ, ಎಂದರೆ ತಂಗಿಸಿದರೆ, ಗೊಬ್ಬರವಾಗುತ್ತದೆಂದು ರೈತರು ಕರೆಯುತ್ತಾರೆ, ಹಾಗೆ ಹೊಲದಿಂದ ಹೊಲಕ್ಕೆ ಮಂದೆ ಸಾಗುತ್ತದೆ. ಮರಿಗಳು ಜೊತೆಗಿರುವುದರಿಂದ ಹೆಂಗಸರೂ ಹೋಗಬೇಕು.

"ಮುಂಗಾರಿಗೆ ವಾಪಸ್ ಬರ್ತೀವಿ ಮೇಡಂ, ಬಂದ ತಕ್ಷಣ ಕರ್ಕಂಡು ಬರ್ತೀನಿ" ಎಂದ.

ಮುಂಗಾರಿನ ಹೊತ್ತಿಗೆ ಒತ್ತಡ ಏರಿ ನರ ಸತ್ತಿದ್ದರೆ ನಾನು ಯಾರನ್ನು ನೋಡಲಿ ಎಂದು ಕೂಗಿದೆ. ಆಮೇಲೆ ಕೂಗಿ ಸುಸ್ತಾಗಿ, "ಸರಿ, ತಿಂಗಳಾದ ಮೇಲೆ ನಿಮ್ಮ ಮಂದೆ ಎಲ್ಲಿರುತ್ತೆ, ಅದನ್ನಾದ್ರೂ ಹೇಳು" ಎಂದೆ.

ಅವನಿಗೆ ಅದು ಬಾಯಿಪಾಠ. ಮೊದಲು ಹೊಸದುರ್ಗದ ಕಡೆ, ತಿಂಗಳು ತುಂಬುವ ಹೊತ್ತಿಗೆ ಮತ್ತೋಡಿನ ಹೊಲಗಳಲ್ಲಿ, ಅಲ್ಲಿಂದ ಹೊಳಲ್ಕೆರೆ ದಾಟಿ ಕಾಲುವೆ ನೀರಿನ ಕಡೆ. ಕೇಳುತ್ತಿದ್ದಂತೆ ನಾನೂ ರೇಣುಕಾ ಅವರೂ ಮುಖ ಮುಖ ನೋಡಿಕೊಂಡೆವು. ಅವರ ಮಂದೆ ಹೋಗುವ ದಾರಿಯಲ್ಲೇ ನಮ್ಮ ಎರಡು ದೃಷ್ಟಿ ಕೇಂದ್ರಗಳಿದ್ದವು. ರೋಗಿ ದುರ್ಗಕ್ಕೆ ಬರಲಿ ಎಂದು ಹಟ ಹಿಡಿದು ಕೂತಿದ್ದೆವು. ಒತ್ತಡ ಅಳೆಯುವ ಉಪಕರಣ ಅಂಗೈಯಗಲದ್ದು, ನನ್ನ ಬ್ಯಾಗಿನಲ್ಲೇ ಹೋಗುತ್ತದೆ.

ಚುಚ್ಚುಮದ್ದು ಕೊಟ್ಟೆ. ಮಂದೆ ಹೊರಡುವುದನ್ನು ಚಿಕ್ಕಣ್ಣ ನಾಲ್ಕು ದಿನ ಮುಂದೂಡಿದ್ದರಿಂದ ಮರುದಿನದ ಮತ್ತು ವಾರದ ಪರೀಕ್ಷೆಗಳು ದುರ್ಗದಲ್ಲೇ ಮುಗಿದವು. ಊತ ಸರ್ರನೆ ಇಳಿಯುತ್ತಿತ್ತು. ಹನಿ ಈಗ ನಿಜವಾಗಿಯೂ ಕಣ್ಣಿಗೆ ಬೀಳುತ್ತಿದೆ ಎಂಬುದೂ ಕಾಣುತ್ತಿತ್ತು. ತಿಂಗಳ ಪರೀಕ್ಷೆ ಹೊಸದುರ್ಗದಲ್ಲಿ ಬುಧವಾರ ಎಂದು ಗೊತ್ತುಪಡಿಸಿದೆವು.

ಆ ಬುಧವಾರ ಹೊಸದುರ್ಗದಲ್ಲಿ ಅವಳಿಗಾಗಿ ಕಾದೆ. ಬೆಳಗಿನ ರೋಗಿಗಳು ಮುಗಿದರು. ಮಧ್ಯಾಹ್ನದ ಊಟದ ಡಬ್ಬಿ ತೆರೆದು ಬಾಗಿಲ ಕಡೆ ನೋಡುತ್ತ ತಿಂದೆ. ಚಿಕ್ಕಣ್ಣನ ಫೋನ್ ಎಂದಿನಂತೆ ಸ್ವಿಚ್ ಆಫ್. ಸಂಜೆ ಕೇಂದ್ರಕ್ಕೆ ಬೀಗ ಹಾಕುವವರೆಗೂ ಕರಿಯಮ್ಮನ ಸುಳಿವಿಲ್ಲ. ದುರ್ಗಕ್ಕೆ ಹಿಂದಿರುಗುವ ಜೀಪಿನಲ್ಲಿ, ಕಣ್ಣು ಚೆನ್ನಾಗಿ ಕಾಣುತ್ತಿರಬೇಕು, ಇನ್ನು ಯಾಕೆ ಬರುತ್ತಾಳೆ, ಮೊದಲ ಸಲ ಮಾಡಿದ್ದನ್ನೇ ಮಾಡಿದ್ದಾಳೆ ಎಂದು ಮನಸ್ಸಿನಲ್ಲೇ ಅವಳ ಕಡತ ಮುಚ್ಚಿಬಿಟ್ಟೆ. ನಾಯಿ, ಹಗ್ಗ, ತೋಳ ಎಂದು ಹೇಳಿದ್ದೆಲ್ಲ ದಂಡವಾಯಿತೆಂದು ನನ್ನ ಮೇಲೆಯೇ ರೇಗಿತು.

ಶನಿವಾರ ಹೊಳಲ್ಕೆರೆ. ಮಾರ್ಕೆಟ್ ಯಾರ್ಡಿನ ದಿನವಾದ್ದರಿಂದ ಕೇಂದ್ರದ ತುಂಬ ಜನ. ಹನ್ನೊಂದರ ಸುಮಾರಿಗೆ ತಲೆಯೆತ್ತಿದರೆ ಬೆಂಚಿನ ತುದಿಯಲ್ಲಿ ಕರಿಯಮ್ಮ ಕೂತಿದ್ದಾಳೆ. ಒಬ್ಬಳೇ. ಕಾಲಿನ ತುಂಬ ಕೆಂಧೂಳು.

"ಬುಧವಾರ ಎಲ್ಲಿ ಹೋಗಿದ್ರಿ?" ಎಂದು ಅಲ್ಲಿಂದಲೇ ಗದರಿದೆ.

"ಮತ್ತೋಡಲ್ಲಿ ಹೊಲ ಇನ್ನಾ ಖಾಲಿ ಆಗಿರ್ಲಿಲ್ಲ ಡಾಕ್ಟ್ರಮ್ಮ. ತರುಬಕ್ಕೆ ಜಾಗ ಸಿಗ್ಲಿಲ್ಲ ಅಂತೇಳಿ ಈ ಕಡೀಕೇ ಬಂದ್ವಿ. ಶನಿವಾರ ಇಲ್ಲಿರ್ತೀರಿ ಅಂದಿದ್ರಲ್ಲ, ಅದ್ಕೆ ಬಂದೆ."

"ಚಿಕ್ಕಣ್ಣ?"

"ಕುರಿ ಬಿಟ್ಟು ಬರಕ್ಕಾಗಲ್ಲ. ಮರಿ ಸೊಸೆ ನೋಡ್ಕತಾಳೆ. ನಾನೇ ನಡ್ಕಂಡು ಬಂದೆ."

"ಕಣ್ಣು ನೋವು ಐತಾ? ಮಸುಕು?"

"ಏನೂ ಇಲ್ಲ. ಚೆನ್ನಾಗಿ ಕಾಣ್ತೈತೆ. ನೋವಿಲ್ದಂಗೆ ಏರ್ತೈತೆ ಅಂತ ನೀವೇ ಹೇಳಿದ್ರಲ್ಲ, ನೋಡ್ರಿ."

ಒತ್ತಡ ಅಳೆದೆ. ಇಪ್ಪತ್ತೊಂದರ ಒಳಗಿರಬೇಕಾದದ್ದು 34 ಇತ್ತು. ಮತ್ತೆ ಅಳೆದೆ. 34. ದೃಷ್ಟಿ 6/18, ಕಣ್ಣು ಬೆಳ್ಳಗೆ, ನೋವಿಲ್ಲ, ನೀರಿಲ್ಲ. ಮುಂಗಾರಿನ ತನಕ ಬಿಟ್ಟಿದ್ದರೆ ನರ ಉಳಿಯುತ್ತಿತ್ತೆಂದು ನಾನು ಹೇಳಲಾರೆ. ನನ್ನ ವೃತ್ತಿಯಲ್ಲಿ ನೋವಿದ್ದು ಬಂದವರು ಲೆಕ್ಕವಿಲ್ಲದಷ್ಟು. ಏನೂ ಆಗಿಲ್ಲದಾಗ, ಒಬ್ಬಳೇ, ಒಂದೇ ಕಣ್ಣಿನಲ್ಲಿ, ವೈದ್ಯರು ಹೇಳಿದ ಒಂದು ಮಾತಿಗಾಗಿ ನಡೆದುಬಂದವರು ಬೆರಳೆಣಿಕೆಯಷ್ಟು. ನನ್ನ ಮೆಚ್ಚುಗೆ ಕಾಣದಿರಲೆಂದು ಇನ್ನೂ ಜೋರಾಗಿ ಗದರಿದೆ.

ಒತ್ತಡ ಇಳಿಸುವ ಹನಿ ಕೊಟ್ಟೆ, ಬೆಳಗ್ಗೆ ಒಂದು ಸಂಜೆ ಒಂದು. ಮುಂದಿನ ಶನಿವಾರವೂ ಇಲ್ಲಿಗೇ ಬರಬೇಕೆಂದು ಹೇಳಿದೆ. ಆ ಶನಿವಾರ 22, ಅದರ ಮುಂದಿನ ಸಲ 18. ಊತ ಪೂರ್ತಿ ಒಣಗಿತು. ಕಳೆದುಹೋದ ತಿಂಗಳುಗಳ ಗುರುತು ಮ್ಯಾಕ್ಯುಲಾದ ಮೇಲೆ ಉಳಿದೇ ಉಳಿಯಿತು, 6/18ಕ್ಕಿಂತ ಮೇಲೆ ದೃಷ್ಟಿ ಹೋಗಲಿಲ್ಲ. ಮೊದಲ ಸಲವೇ ಹನಿ ಕಣ್ಣಿಗೆ ಬಿದ್ದಿದ್ದರೆ 6/12 ನಿಲ್ಲುತ್ತಿತ್ತು ಎಂಬ ಕೊರಗು ನನಗೆ ಇಂದಿಗೂ ಇದೆ. ರೋಗವೂ ವಾಸಿಯಾಗುವಂಥದ್ದಲ್ಲ, ಆಮೇಲಿನ ವರ್ಷಗಳಲ್ಲಿ ಇನ್ನೂ ಎರಡು ಸಲ ಚುಚ್ಚಬೇಕಾಯಿತು. ಆದರೆ ಮುಂಗಾರಿಗೆ ಆದಿವಾಲಕ್ಕೆ ಮರಳಿದ ಕರಿಯಮ್ಮ ಸಂಜೆ ರೊಪ್ಪದಲ್ಲಿ ಮತ್ತೆ ಮರಿಗಳನ್ನು ತಾಯಿಗೆ ಬಿಡುತ್ತಿದ್ದಳು. ದೂರದಿಂದ ಗುರುತು ಹತ್ತುವುದಿಲ್ಲ, ಎತ್ತಿ ಮುಖದ ಹತ್ತಿರ ಹಿಡಿದರೆ ಗೊತ್ತಾಗುತ್ತದೆ ಎಂದಳು. ಸೊಸೆ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದಳಂತೆ.

ಆ ಘಟನೆಯಾದ ಮೇಲೆ ಖಾಲಿ ಬಾಟಲಿ ತರಿಸುವುದನ್ನು ನಿಲ್ಲಿಸಿದೆ. ಅದರ ಬದಲು ಹನಿ ಬರೆದುಕೊಡುವಾಗಲೇ, ಮನೆಯಲ್ಲಿ ಇನ್ನು ಯಾರಿಗೆ ಕಣ್ಣು ಬೇನೆ ಇದೆ ಎಂದು ಕೇಳತೊಡಗಿದೆ. ಬಂದ ಉತ್ತರಗಳನ್ನು ಕೇಳಿ ಜೀವ ಹಿಂಡಿದಂತಾಗುತ್ತಿತ್ತು. ಅತ್ತೆಗೆ ಅಂದರು, ಪಕ್ಕದ ಮನೆಯವರಿಗೆ ಅಂದರು, ಹಾಲು ಕರೆಯುವ ಎಮ್ಮೆಗೆ ಅಂದರು, ಒಬ್ಬಾತ ಹುಂಜಕ್ಕೆ ಅಂದ. ಔಷಧಿ ಚೀಟಿ ಒಬ್ಬರ ಹೆಸರಿನಲ್ಲಿರುತ್ತದೆ, ಬಾಟಲಿ ಮಾತ್ರ ಮನೆಗೆಲ್ಲ ಸೇರಿದ್ದು ಎಂಬುದನ್ನು ಯಾವ ಕಾಲೇಜೂ ನನಗೆ ಹೇಳಿಕೊಟ್ಟಿರಲಿಲ್ಲ.

ಹೊಳಲ್ಕೆರೆಯ ಆ ಶನಿವಾರ ಒತ್ತಡದ ಹನಿಯ ಬಾಟಲಿಯನ್ನು ಕರಿಯಮ್ಮನ ಕೈಗಿಟ್ಟಾಗ ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದಳು.

"ಇದನ್ನ ಮರಿಗೆ ಹಾಕ್ಬೌದಾ?"

ನನ್ನ ಪಿತ್ತ ನೆತ್ತಿಗೇರಿತು. ಬಾಯಿ ತೆರೆದೆ.

"ಹಾಕಲ್ಲ ತಗಳ್ರಿ" ಎಂದಳು ಕರಿಯಮ್ಮ, ಬಾಟಲಿಯನ್ನು ಸೆರಗಿಗೆ ಗಂಟು ಹಾಕುತ್ತ. "ಆವತ್ತು ಕೇಳ್ಲಿಲ್ಲ, ಹಾಕ್ಬಿಟ್ಟೆ. ಇವತ್ತು ಕೇಳ್ದೆ, ಅಷ್ಟೆ."